ತಿಂಗಳಿಗೊಮ್ಮೆ ತೊಳೆಯುವ ಬಾವಿ

ಬಾವಿಗೆ ಕಸ ಹಾಕಲು ಫಿರ್ದೌಸ್ ಬಂದಾಗ ಜಾರಿಯಾ ಸರದಿಯ ಕೊನೆಯಲ್ಲಿ ನಿಂತಿದ್ದಳು. ಕೊನೆಯಲ್ಲಿ ನಿಲ್ಲುವುದು ಅವಳಿಗೆ ಹೊಸದಲ್ಲ. ಮದುವೆಯಾಗಿ ಈ ಊರಿಗೆ ಬಂದ ಹನ್ನೊಂದು ವರ್ಷದಿಂದಲೂ ಅವಳ ಜಾಗ ಅದೇ. ಅವತ್ತು ಮುಂದೆ ಇನ್ನು ಇಬ್ಬರೇ ಹೆಂಗಸರು ಉಳಿದಿದ್ದರು. ಇನ್ನೇನು ನನ್ನ ಬಿಂದಿಗೆಯೂ ತುಂಬಿತು ಎಂದು ಸೊಂಟದಿಂದ ಇಳಿಸುವಷ್ಟರಲ್ಲಿ ಮೆಟ್ಟಿಲ ಮೇಲೆ ಬುಟ್ಟಿಗಳು ಕಾಣಿಸಿದವು.

ಫಿರ್ದೌಸನ ಹಿಂದೆ ಇಬ್ಬರು ಗಂಡಸರು ಬುಟ್ಟಿ ಹೊತ್ತು ಇಳಿಯುತ್ತಿದ್ದರು. ಒಂದರ ತುಂಬ ಒಣಗಿದ ಜಾಯಿಕಾಯಿ ಎಲೆ, ಇನ್ನೊಂದರ ತುಂಬ ಹಸಿ ಮಣ್ಣು. ಫಿರ್ದೌಸನ ಕೈಯಲ್ಲಿ ಹಸಿರು ಗಾಜಿನ ಒಂದು ಹಳೆಯ ಸೀಸೆ. ಹಿಂದೆ ಈ ದ್ವೀಪಗಳನ್ನು ಆಳಿದ ಡಚ್ಚರು ಕುಡಿದು ಬಿಸಾಡಿದ್ದು. ಅದನ್ನು ಅವನು ಮೊಟ್ಟೆಯಂತೆ ಜೋಪಾನವಾಗಿ ಹಿಡಿದಿದ್ದ.

"ತಡಿಯೋ, ಇನ್ನೂ ನೀರು ಸೇದ್ತಾ ಇದಾರೆ," ಎಂದಳು ನೇನೆ ಮರಿಯಾಮಾ. ಊರಿನ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳು. ಊರಿಗೆಲ್ಲ ನೇನೆ, ಅಂದರೆ ಅಜ್ಜಿ; ಜಾರಿಯಾಗೆ ಮಾತ್ರ ಅತ್ತೆ. ಸರದಿಯಲ್ಲಿ ಮೊದಲನೆಯವಳಾಗಿ ಸೇದಿ ಮುಗಿಸಿ, ಬಾವಿಕಟ್ಟೆಯ ಮೇಲೆ ಕೂತು ಎಲೆಯಡಿಕೆ ಜಗಿಯುತ್ತಿದ್ದಳು.

"ನೇನೆ, ಹಡಗು ಹತ್ತು ಗಂಟೆಗೆ ಬಂದುಬಿಡುತ್ತೆ. ಎಲೆ ನೆನೀಬೇಕಲ್ಲ. ನೆನೀದೇ ಇದ್ರೆ ಹಳೇ ಕಸ ಅಂತ ಅನ್ಸಲ್ಲ."

"ಹತ್ತು ವರ್ಷದ ಕಸಾನ ಮೂರು ಗಂಟೇಲಿ ನೆನಸ್ತೀಯಾ? ಭಾರಿ ಓದಿದೀಯಪ್ಪ ನೀನು."

ಹೆಂಗಸರು ಕಿಸಕ್ಕೆಂದರು. ಮುಂದಿದ್ದ ಇಬ್ಬರೂ ಗಡಬಡಿಸಿ ಬಿಂದಿಗೆ ತುಂಬಿಕೊಂಡರು. ಜಾರಿಯಾ ಹಗ್ಗಕ್ಕೆ ಕೈ ಹಾಕಿದಳು. ಅಷ್ಟರಲ್ಲಿ ಮಣ್ಣಿನ ಬುಟ್ಟಿ ಬಾವಿಯ ಬಾಯಿಗೆ ಬೋರಲಾಯಿತು.

"ಅಯ್ಯೋ, ಅಕ್ಕ, ನೀವೂ ಇದ್ರಾ?" ಎಂದ ಫಿರ್ದೌಸ್.

ಇದ್ದಳು. ಖಾಲಿ ಬಿಂದಿಗೆಯನ್ನು ಸೊಂಟಕ್ಕಿಟ್ಟು ಮೆಟ್ಟಿಲು ಹತ್ತಿದಳು.

ಲಾವೆರ್ ಹಳ್ಳಿಗೆ ಸಿಹಿನೀರು ಎಂದರೆ ಆ ಒಂದೇ ಬಾವಿ. ಮಿಕ್ಕವು ಸಮುದ್ರದ ಉಪ್ಪು ಕುಡಿದು ಕೂತಿವೆ. ಗುಡ್ಡದ ನೆತ್ತಿಯ ಮಸೀದಿಯಿಂದ ನೂರ ಎಂಬತ್ತು ಮೆಟ್ಟಿಲಿಳಿದರೆ ಕೆನಾರಿ ಮರದ ನೆರಳಿನಲ್ಲಿ ಬಾವಿ ಸಿಗುತ್ತದೆ. ಹತ್ತು ವರ್ಷಕ್ಕೊಮ್ಮೆ ಅದನ್ನು ಬತ್ತಿಸಿ ತೊಳೆಯುವುದು ಊರಿನ ಕಟ್ಟಳೆ. ಮಸೀದಿಯ ಅಟ್ಟದಲ್ಲಿಟ್ಟ ಉದ್ದನೆಯ ಬಿಳಿ ಬಟ್ಟೆಯನ್ನು ಊರಿಗೆ ಊರೇ ಹೆಗಲ ಮೇಲೆ ಹೊತ್ತು ತಂದು, ಬಾವಿಗೆ ಇಳಿಬಿಟ್ಟು, ಅದರಲ್ಲೇ ತಳ ಒರೆಸುತ್ತಾರೆ. ಆ ಬಟ್ಟೆ ಒಬ್ಬರು ನೇಯ್ದದ್ದಲ್ಲ. ಹೊರಗಿನಿಂದ ಮದುವೆಯಾಗಿ ಬಂದವಳು ಅದರ ತುದಿಗೆ ತನ್ನದೊಂದು ಮೊಳ ಹೊಲಿದು ಸೇರಿಸಬೇಕು. ಅವಳ ತುಂಡು ನೀರು ಮುಟ್ಟಿದಾಗ ಊರಿನ ಹಿರಿಯ ಹೆಂಗಸು ಬಗ್ಗಿ ನೋಡಿ "ಮುಟ್ಟಿತು" ಎಂದು ಕೂಗಬೇಕು. ಆಮೇಲೆ ಅವಳು ಊರಿನವಳು. ನೀರು ಮುಟ್ಟಿದ ಹೊಲಿಗೆಯನ್ನು ಯಾರೂ ಬಿಚ್ಚುವಂತಿಲ್ಲ.

ಅಲ್ಲಿಯವರೆಗೆ ಅವಳು ಅತಿಥಿ. ಅತಿಥಿ ಕೊನೆಯಲ್ಲಿ ನೀರು ಸೇದಬೇಕು. "ಅತಿಥಿಗಲ್ವಾ ಮೊದಲು ಕೊಡೋದು?" ಎಂದು ಬುಟೋನ್ ದ್ವೀಪದಿಂದ ಹೊಸದಾಗಿ ಬಂದ ಜಾರಿಯಾ ಕೇಳಿದ್ದಳು. "ಊಟ ಮೊದಲು. ನೀರು ಕೊನೆಗೆ," ಎಂದಿದ್ದಳು ಅತ್ತೆ. ಯಾಕೆ ಎಂದು ಕೇಳುವಷ್ಟು ಸಲಿಗೆ ಆಗ ಇರಲಿಲ್ಲ. ಈಗಲೂ ಇರಲಿಲ್ಲ. ಬೇಸಗೆಯಲ್ಲಿ ಕೊನೆಯ ಬಿಂದಿಗೆ ಎಂದರೆ ಅರ್ಧ ಮಣ್ಣು. ಅದನ್ನು ಬಟ್ಟೆಯಲ್ಲಿ ಸೋಸಿ, ಮೂಲೆಯಲ್ಲಿಟ್ಟು, ಮಣ್ಣು ತಳ ಸೇರುವುದನ್ನೇ ಕಾಯುತ್ತ ಕೂರುವುದು ಅವಳಿಗೆ ರೂಢಿಯಾಗಿತ್ತು.

ರೂಢಿಯಾಗದ್ದು ಇನ್ನೊಂದಿತ್ತು. ಬಾವಿಕಟ್ಟೆಯಲ್ಲಿ ಊರಿನ ಹೆಂಗಸರು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು. ಹಗ್ಗ ಎಳೆದದ್ದಕ್ಕೆ, ನೀರು ಚೆಲ್ಲಿದ್ದಕ್ಕೆ, ಹೋದ ವರ್ಷ ಯಾರೋ ಯಾರದೋ ಕೋಳಿಗೆ ಕಲ್ಲು ಹೊಡೆದದ್ದಕ್ಕೆ. ಬೈದು, ಉಗಿದು, ಮರುಕ್ಷಣವೇ ಒಂದೇ ಎಲೆಯಡಿಕೆ ಹಂಚಿಕೊಳ್ಳುತ್ತಿದ್ದರು. ಜಾರಿಯಾಳನ್ನು ಯಾರೂ ಬೈಯುತ್ತಿರಲಿಲ್ಲ. ಅವಳು ಯಾರನ್ನೂ ಬೈಯುವಂತಿರಲಿಲ್ಲ. ಹಾಗೆಂದು ಯಾರೂ ಹೇಳಿರಲಿಲ್ಲ. ಆದರೆ ಅತಿಥಿಯಾಗಿ ಬಂದವರು ಮನೆಯವರ ಮೇಲೆ ಕೂಗಾಡುವುದನ್ನು ಎಲ್ಲಿ ತಾನೆ ಕಂಡಿದ್ದೇವೆ? ನುಂಗಿ ನುಂಗಿ ಅವಳ ಗಂಟಲಲ್ಲಿ ಏನೋ ಗಟ್ಟಿಯಾಗಿ ಕೂತಂತಿತ್ತು. ಗಂಡ ರುಸ್ಲಾನ್ ಮೀನಿಗೆ ಹೋಗಿ ಬಂದು, ಅವಳ ಮುಖ ನೋಡಿ, "ಬಿಡು, ಕೊನೆಗಾದ್ರೂ ಸಿಗುತ್ತಲ್ಲ," ಎನ್ನುತ್ತಿದ್ದ. ಒಳ್ಳೆಯ ಮನುಷ್ಯ. ಅವನಿಗೆ ನೀರಿನ ವಿಷಯ ಮಾತ್ರ ಅರ್ಥವಾಗುತ್ತಿತ್ತು.

ಹೋದ ಸಲದ ತೊಳೆಯುವಿಕೆಗೆ ಅವಳು ತಯಾರಾಗಿದ್ದಳು. ಎದುರು ದ್ವೀಪದ ಪೇಟೆಯಿಂದ ಒಂದು ಮೊಳ ಬಿಳಿ ಬಟ್ಟೆ ತರಿಸಿ, ಅಂಚು ಮಡಿಚಿ, ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದಳು. ಅವತ್ತು ಬೆಳಿಗ್ಗೆ ಡೋಲು ಶುರುವಾಗುವುದಕ್ಕೂ ಅವಳಿಗೆ ನೋವು ಶುರುವಾಗುವುದಕ್ಕೂ ಸರಿಹೋಯಿತು. ಊರೆಲ್ಲ ಬಾವಿಯ ಹತ್ತಿರ, ಅವಳೂ ಸೂಲಗಿತ್ತಿಯೂ ಕತ್ತಲೆ ಕೋಣೆಯಲ್ಲಿ. ಕೆಳಗಿನಿಂದ ಬೇರೆ ಯಾವ ಸೊಸೆಯದೋ ತುಂಡಿಗೆ "ಮುಟ್ಟಿತು" ಎಂಬ ಕೂಗು ಕೇಳಿದ ಹೊತ್ತಿಗೆ ನುರ್ಮಾ ಹುಟ್ಟಿದಳು. ಊರಲ್ಲೇ ಹುಟ್ಟಿದ ನುರ್ಮಾ ಊರಿನವಳು. ಹಾಗಾಗಿ ಈಗ ಸರದಿಯಲ್ಲಿ ಮಗಳ ಜಾಗ ಅಜ್ಜಿಯ ಹಿಂದೆ, ತಾಯಿಯದು ಎಲ್ಲರ ಹಿಂದೆ. "ಅಮ್ಮಾ, ಬಿಂದಿಗೆ ಕೊಡೇ, ನಾನೇ ತುಂಬಿಸಿ ಕೊಡ್ತೀನಿ," ಎಂದು ನುರ್ಮಾ ಮುಂದಿನಿಂದ ಕೂಗುತ್ತಿದ್ದಳು. ಜಾರಿಯಾ ಕೊಡುತ್ತಿರಲಿಲ್ಲ. ಮಗಳ ದಯೆಯ ನೀರನ್ನು ಮಗಳಿಗೇ ಕುಡಿಸುವುದು ಅವಳಿಗೆ ಯಾಕೋ ಒಗ್ಗುತ್ತಿರಲಿಲ್ಲ.

ಇನ್ನು ಹತ್ತು ವರ್ಷ, ಎಂದುಕೊಂಡು ಡಬ್ಬಿ ಮುಚ್ಚಿದ್ದಳು. ಮಗಳ ವಯಸ್ಸೂ ಅವಳ ಕಾಯುವಿಕೆಯೂ ಜೊತೆಜೊತೆಗೆ ಬೆಳೆದವು.

ಒಂಬತ್ತನೆಯ ವರ್ಷ ಫಿರ್ದೌಸ್ ಊರಿಗೆ ಬಂದ. ಊರ ಯಜಮಾನ ಬಾಪಾ ಇಲ್ಯಾಸರ ಅಳಿಯ. ಅಂಬೋನ್ ಪಟ್ಟಣದಲ್ಲಿ ಎರಡು ವರ್ಷ ಪ್ರವಾಸೋದ್ಯಮ ಓದಿದವನು. ತಿಂಗಳಿಗೊಮ್ಮೆ ಬರುವ ಪ್ರವಾಸಿಗಳ ಬಿಳಿಯ ಹಡಗು ಎದುರು ದ್ವೀಪದಲ್ಲಿ ಕೋಟೆ ತೋರಿಸಿ, ಡಚ್ಚರ ಗೋರಿ ತೋರಿಸಿ, ಜಾಯಿಕಾಯಿ ತೋಟದಲ್ಲಿ ಒಂದು ಸುತ್ತು ಹಾಕಿಸಿ ಹೋಗಿಬಿಡುತ್ತಿತ್ತು. ಲಾವೆರಿನಲ್ಲಿ ನೋಡುವಂಥದ್ದು ಏನಿದೆ ಎಂದು ಫಿರ್ದೌಸ್ ಊರೆಲ್ಲ ತಿರುಗಿ ಹುಡುಕಿದ. ಹೆಂಗಸರು ಜಾಪತ್ರೆ ಒಣಗಿಸುತ್ತಿದ್ದ ತುಕ್ಕು ಹಿಡಿದ ಫಿರಂಗಿ ತೋಪು ಮೊದಲು ಕಣ್ಣಿಗೆ ಬಿತ್ತು. "ಇದು ಇತಿಹಾಸ, ಇದರ ಮೇಲೆ ಜಾಪತ್ರೆ ಒಣಗಿಸಬಾರದು" ಎಂದು ಫಲಕ ನೆಟ್ಟ. ಮೊದಲ ಹಡಗಿನವರು ಖಾಲಿ ತೋಪನ್ನು ನೋಡಿ ಆಕಳಿಸಿದರು. ಫಲಕ ಕಿತ್ತು ಇನ್ನೊಂದು ನೆಟ್ಟ: ಹಡಗಿನ ದಿನ ಎಲ್ಲರೂ ತಪ್ಪದೆ ತೋಪಿನ ಮೇಲೆಯೇ ಜಾಪತ್ರೆ ಒಣಗಿಸತಕ್ಕದ್ದು. ಜಾಪತ್ರೆಯ ಕಾಲವಲ್ಲದ ತಿಂಗಳುಗಳಲ್ಲಿ ಕೆಂಪು ಕಾಗದ ಕತ್ತರಿಸಿ ಹರಡಿದರು. ಫೋಟೋದಲ್ಲಿ ಚೆನ್ನಾಗಿಯೇ ಬಂತು.

ಆಮೇಲೆ ಬಾವಿ.

"ಹತ್ತು ವರ್ಷಕ್ಕೊಂದು ಸಲನಾ?" ಎಂದು ಫಿರ್ದೌಸ್ ತಲೆ ಕೆರೆದುಕೊಂಡಿದ್ದ. "ಹಡಗು ತಿಂಗಳಿಗೊಂದು ಸಲ ಬರುತ್ತಲ್ಲ, ಮಾವ."

ಬಾಪಾ ಇಲ್ಯಾಸರು ಕಟ್ಟಳೆ ಮೀರುವವರಲ್ಲ. ಮೂರು ದಿನ ಯೋಚಿಸಿ ತೀರ್ಪು ಕೊಟ್ಟರು. ತೊಳೆಯುವುದು ಹತ್ತು ವರ್ಷಕ್ಕೊಮ್ಮೆಯೇ. ಆದರೆ ತೊಳೆಯುವುದರ ಅಭ್ಯಾಸವನ್ನು ಎಷ್ಟು ಸಲ ಬೇಕಾದರೂ ಮಾಡಬಹುದು. ಹಿರಿಯರು ಅದಕ್ಕೆ ಅಡ್ಡಿ ಹೇಳಿಲ್ಲ. ಹಿರಿಯರಿಗೆ ಅಂಥದೊಂದು ಯೋಚನೆಯೇ ಹೊಳೆದಿರಲಿಲ್ಲ ಎಂಬುದು ಬೇರೆ ಮಾತು.

ಅಭ್ಯಾಸ ಶುರುವಾಯಿತು. ಮೂರನೆಯ ತಿಂಗಳಿಗೆ ಒಂದು ತೊಂದರೆ ಎದ್ದಿತು. ತಿಂಗಳ ಹಿಂದೆ ತೊಳೆದ ಬಾವಿಯಲ್ಲಿ ತೊಳೆಯಲು ಏನಿರುತ್ತದೆ? ಹಡಗಿನಲ್ಲಿ ಬಂದ, ಟೋಪಿ ಹಾಕಿದ ಒಬ್ಬ ಮುದುಕ ಬಗ್ಗಿ ನೋಡಿ, ಇವರು ಏನನ್ನು ತೊಳೆಯುತ್ತಿದ್ದಾರೆ ಎಂದು ಕೇಳಿಯೇಬಿಟ್ಟ. ಅಂದಿನಿಂದ ಎಲೆ ಬಂತು, ಮಣ್ಣು ಬಂತು, ಹಸಿರು ಸೀಸೆ ಬಂತು. ಪ್ರತಿ ತಿಂಗಳೂ ಅದೇ ಸೀಸೆಯನ್ನು ಮುಳುಗಿಸುವುದು, ಅದೇ ಸೀಸೆ ಸಿಕ್ಕಿದಾಗ ಡೋಲಿನವರು ಬಾಯಿ ತೆರೆದು ಬೆರಗಾಗುವುದು. ಎಂಟನೆಯ ಸಲಕ್ಕೆ ಅವರ ಬೆರಗು ಬಹಳ ಪಳಗಿತ್ತು.

ಹೊರಗಿನಿಂದ ಬಂದ ಮದುಮಗಳು ಬಟ್ಟೆ ಹೊಲಿಯುವುದು ಹಡಗಿನ ಹೆಂಗಸರಿಗೆ ತುಂಬ ಹಿಡಿಸಿತು. ಅವರಲ್ಲಿ ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದರು. ಮದುಮಗಳಾಗಿ ಕೂರುತ್ತಿದ್ದವಳು ಬಾಪಾ ಇಲ್ಯಾಸರ ತಮ್ಮನ ಮಗಳು ಹಲೀದಾ. ಇದೇ ಊರಲ್ಲಿ ಹುಟ್ಟಿದವಳು, ಇನ್ನೂ ಮದುವೆಯಾಗದವಳು, ಆದರೆ ನಕ್ಕರೆ ಕೆನ್ನೆಯಲ್ಲಿ ಗುಳಿ. ಅವಳು ಹೊಲಿದ ತುಂಡು ನೀರು ಮುಟ್ಟದಂತೆ ಬಟ್ಟೆಯ ಆ ತುದಿಯನ್ನು ಕೆನಾರಿ ಮರಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಬಾವಿಗೆ ಬಿಡುತ್ತಿದ್ದರು. ಆಟ ಮುಗಿದ ಮೇಲೆ ಆ ಹೊಲಿಗೆಯನ್ನು ಬಿಚ್ಚಿ ಮುಂದಿನ ತಿಂಗಳಿಗೆ ಎತ್ತಿಡಬೇಕಲ್ಲ? ಸೂಜಿ ಕೆಲಸ ಚೆನ್ನಾಗಿ ಬಲ್ಲವಳು, ಹೇಳಿದ್ದಕ್ಕೆ ಎದುರಾಡದವಳು ಒಬ್ಬಳೇ. ಜಾರಿಯಾಳ ಅಪ್ಪ ಬುಟೋನಿನಲ್ಲಿ ದೋಣಿಯ ಹಾಯಿ ಹೊಲಿಯುವವನು.

ಹಾಗೆ ಹನ್ನೊಂದು ಸಲ ಜಾರಿಯಾ ಸಂಜೆ ಹೊತ್ತು ಹಿತ್ತಿಲಲ್ಲಿ ಕೂತು ಹಲೀದಾಳ ಹೊಲಿಗೆ ಬಿಚ್ಚಿದ್ದಳು. ಮಂಡಿಯ ಮೇಲೆ ಹರಡಿದ ಆ ಉದ್ದ ಬಟ್ಟೆಯಲ್ಲಿ ಅತ್ತೆಯ ತುಂಡಿತ್ತು, ಅತ್ತೆಯ ಅತ್ತೆಯದಿತ್ತು, ಹೆಸರು ಗೊತ್ತಿಲ್ಲದ ಯಾರುಯಾರದೋ ಇತ್ತು. ಒಬ್ಬಳದು ಒರಟು ಹೊಲಿಗೆ, ಒಬ್ಬಳದು ಇರುವೆ ಸಾಲಿನ ಹಾಗೆ. ಅವಳು ಒಂದೊಂದನ್ನೂ ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. ಆಮೇಲೆ ತುದಿಗೆ ಬಂದು ದಾರ ಎಳೆಯುತ್ತಿದ್ದಳು. ಸುಳ್ಳು ಹೊಲಿಗೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತಿತ್ತು. ಅಷ್ಟು ಸಲೀಸಾಗಿ ಬಿಚ್ಚಿಕೊಳ್ಳುವುದೇ ಅವಳ ಹೊಟ್ಟೆಗೆ ಬೆಂಕಿ ಹಾಕುತ್ತಿತ್ತು. ಇರಲಿ, ಇದು ಅಭ್ಯಾಸ, ನಿಜವಾದದ್ದು ಬರುತ್ತದಲ್ಲ.

ನುರ್ಮಾಗೆ ಹತ್ತು ತುಂಬಿದ ವಾರ ಅವಳು ಜಾಯಿಕಾಯಿ ತಿರುಳಿನ ಮಿಠಾಯಿ ಮಾಡಿ, ತಟ್ಟೆಯಲ್ಲಿಟ್ಟುಕೊಂಡು ಬಾಪಾ ಇಲ್ಯಾಸರ ಜಗಲಿಗೆ ಹೋದಳು.

"ಬಾಪಾ, ಈ ವರ್ಷ ಹತ್ತು ತುಂಬಿತು."

"ಯಾವುದಕ್ಕಮ್ಮ?"

"ಬಾವಿಗೆ. ನನ್ನ ಮಗಳಿಗೂ."

"ಓಹೋ, ಕೂಸು ದೊಡ್ಡದಾಯ್ತು!" ಬಾಪಾ ಒಂದು ತುಂಡು ಮಿಠಾಯಿ ಬಾಯಿಗೆ ಹಾಕಿಕೊಂಡರು.

"ಬಾವಿ ತೊಳೆಯೋದು ಯಾವತ್ತು ಅಂತ ಕೇಳಿ ಹೋಗೋಣ ಅಂತ ಬಂದೆ."

"ತೊಳೆದಾಯ್ತಲ್ಲಮ್ಮ. ಹೋದ ತಿಂಗಳು ತೊಳೆದ್ವಿ, ಅದರ ಹಿಂದಿನ ತಿಂಗಳು ತೊಳೆದ್ವಿ. ನಮ್ಮಜ್ಜನ ಕಾಲದಲ್ಲೂ ಆ ಬಾವಿ ಇಷ್ಟು ಚೊಕ್ಕ ಇರ್ಲಿಲ್ಲ. ತೊಳೆದ ಬಾವೀನ ಮತ್ತೆ ತೊಳೆದ್ರೆ ಹಿರೀಕರು ನಗಲ್ವಾ?"

ಆದರೂ ಜಾರಿಯಾ ಕೇಳಿದಳು: "ಹಂಗಾದ್ರೆ ಆ ತೊಳೆದಿದ್ದೇ ಲೆಕ್ಕಕ್ಕೆ ಬಂತಾ? ನನ್ನ ತುಂಡೂ ಅದ್ರಲ್ಲೇ ಸೇರಿಸ್ಬಹುದಾ?"

"ಛೇ ಛೇ, ಎಲ್ಲಾದ್ರೂ ಉಂಟಾ! ಅದು ಅಭ್ಯಾಸ."

"ಅಭ್ಯಾಸ ಆದ್ರೆ ಬಾವಿ ತೊಳೆದ ಹಂಗಾಗ್ಲಿಲ್ಲ."

"ತೊಳೆದ ಹಂಗಾಯ್ತು. ಕಟ್ಟಳೆ ಆಗ್ಲಿಲ್ಲ."

"ಕಟ್ಟಳೆ ಯಾವಾಗ ಆಗುತ್ತೆ?"

"ಬಾವಿ ಕೊಳೆ ಆದಾಗ."

"ತಿಂಗಳು ತಿಂಗಳೂ ಫಿರ್ದೌಸ್ ಕೊಳೆ ಮಾಡ್ತಾನಲ್ಲ, ಬಾಪಾ?"

ಬಾಪಾ ಇಲ್ಯಾಸರು ಇನ್ನೊಂದು ತುಂಡು ಮಿಠಾಯಿ ಎತ್ತಿಕೊಂಡರು. "ಅದು ಅಭ್ಯಾಸದ ಕೊಳೆ," ಎಂದರು. ಆಮೇಲೆ ಪ್ರೀತಿಯಿಂದಲೇ, "ನಿನಗೇನು ಕಡಿಮೆಯಾಗಿದೆ ಹೇಳು? ಮುಂದಿನ ಹತ್ತು ವರ್ಷಕ್ಕೆ ನೋಡೋಣ. ಮಿಠಾಯಿ ಚೆನ್ನಾಗಿದೆ. ಶುಕ್ರವಾರ ದೊಡ್ಡ ಹಡಗು, ಅಂಬೋನಿನಿಂದ ಅಧಿಕಾರಿಗಳೂ ಬರ್ತಾರೆ. ಇನ್ನೊಂದು ನಾಲ್ಕು ತಟ್ಟೆ ಮಾಡಿಬಿಡು."

ಮನೆಗೆ ಬಂದು ಅವಳು ನಾಲ್ಕು ತಟ್ಟೆ ಮಿಠಾಯಿ ಮಾಡಿದಳು. ಮಾಡುವಾಗ ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು. ಮುಂದಿನ ಹತ್ತು ವರ್ಷ! ಆಗ ನುರ್ಮಾಗೆ ಇಪ್ಪತ್ತು. ಮಗಳು ಬಾಣಂತನಕ್ಕೆ ಬಂದರೂ ಅಮ್ಮ ಸರದಿಯ ಕೊನೆಯಲ್ಲಿ.

ಇದು ಹೋದ ಶನಿವಾರದ ಮಾತು. ಈಗ ಶುಕ್ರವಾರ ಬೆಳಿಗ್ಗೆ, ಖಾಲಿ ಬಿಂದಿಗೆ ಹೊತ್ತು ಮನೆಗೆ ಬಂದವಳು ಅದನ್ನು ಮೂಲೆಗಿಟ್ಟಳು. ನುರ್ಮಾ ಶಾಲೆಯ ಡೋಲಿನ ತಂಡದ ಜೊತೆ ಆಗಲೇ ಹೋಗಿದ್ದಳು. ಜಾರಿಯಾ ಪೆಟ್ಟಿಗೆಯ ತಳದಿಂದ ಬಿಸ್ಕತ್ತಿನ ಡಬ್ಬಿ ತೆಗೆದಳು. ಬಟ್ಟೆ ಹಳದಿಗೆ ತಿರುಗಿತ್ತು; ಒಂದು ಮೂಲೆಯಲ್ಲಿ ಜಿರಲೆ ರುಚಿ ನೋಡಿತ್ತು. ಡಬ್ಬಿಯನ್ನು ಮಿಠಾಯಿ ತಟ್ಟೆಗಳ ನಡುವೆ ಇಟ್ಟು, ಮೇಲೆ ಬಾಳೆಲೆ ಮುಚ್ಚಿ ಹೊರಟಳು. ಏನು ಮಾಡುತ್ತೇನೆಂದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಬೆಳಗಿನಿಂದ ಒಂದು ಗುಟುಕು ನೀರೂ ಕುಡಿದಿರಲಿಲ್ಲ.

ಹಡಗಿನವರು ಹತ್ತೂವರೆಗೆ ಬಂದರು. ಎಲ್ಲರ ಸೊಂಟದಲ್ಲೂ ನೀರಿನ ಬಾಟಲಿ. ಅಧಿಕಾರಿಗಳಿಗೆ ಮುಂದಿನ ಸಾಲಿನಲ್ಲಿ ಕುರ್ಚಿ. ಬಾಪಾ ಇಲ್ಯಾಸರು ರುಮಾಲು ಸುತ್ತಿ, ಮೈಕು ಹಿಡಿದು ಕೆನಾರಿ ಮರದಡಿ ನಿಂತಿದ್ದರು. ಡೋಲಿನ ಸದ್ದಿನೊಂದಿಗೆ ಬಟ್ಟೆ ಇಳಿದು ಬಂತು. ನೇನೆ ಮರಿಯಾಮಾ ಪ್ರತಿ ತಿಂಗಳಿನಂತೆ ಬಾವಿಗೆ ಬೆನ್ನು ಹಾಕಿ ಕಟ್ಟೆಯ ಮೇಲೆ ಕೂತಿದ್ದಳು. ಅಭ್ಯಾಸಕ್ಕೆಲ್ಲ ತಾನು ಕೂಗುವುದಿಲ್ಲ ಎಂದು ಮೊದಲನೆಯ ದಿನವೇ ಹೇಳಿದ್ದಳು. ಅವಳ ಬೆನ್ನು ಫೋಟೋದಲ್ಲಿ ಚೆನ್ನಾಗಿ ಬರುತ್ತದೆಂದು ಫಿರ್ದೌಸ್ ಸುಮ್ಮನಿದ್ದ.

ಹಲೀದಾ ಮದುಮಗಳ ವೇಷದಲ್ಲಿ ಚಾಪೆಯ ಮೇಲೆ ಕೂತು ಸೂಜಿ ಎತ್ತಿದಳು. ಆಗ ಬಿಳಿಗೂದಲಿನ ಒಬ್ಬ ಪ್ರವಾಸಿ ಹೆಂಗಸು ಕೈಯೆತ್ತಿ ಏನೋ ಕೇಳಿದಳು. ಫಿರ್ದೌಸ್ ಊರಿನ ಮಾತಿಗೆ ತಿರುಗಿಸಿದ: "ಇದು ನಿಜವಾದ್ದಾ, ಇಲ್ಲಾ ನಮಗೋಸ್ಕರ ಆಡಿ ತೋರಿಸ್ತಿದೀರಾ ಅಂತ ಕೇಳ್ತಿದಾರೆ, ಮಾವ."

ಪ್ರತಿ ತಿಂಗಳೂ ಯಾರಾದರೊಬ್ಬರು ಕೇಳುತ್ತಿದ್ದ ಪ್ರಶ್ನೆ. ಬಾಪಾ ಇಲ್ಯಾಸರು ಅಧಿಕಾರಿಗಳ ಕಡೆ ಒಮ್ಮೆ ನೋಡಿ, ಮೈಕನ್ನು ಬಾಯಿಗೆ ಹತ್ತಿರ ಹಿಡಿದರು. "ನಮ್ಮ ಹಿರೀಕರ ಗೋರಿ ಮೇಲಾಣೆ! ಇಲ್ಲಿ ನಡೀತಿರೋದೆಲ್ಲ ನಿಜ. ಇವತ್ತು ಈ ಬಾವಿ ಮುಂದೆ ಆದದ್ದು ಆದದ್ದೇ. ಇದನ್ನ ಇಲ್ಲ ಅನ್ನೋ ಹಕ್ಕು ನನಗೂ ಇಲ್ಲ!"

ಗುಡ್ಡದ ಮೇಲಿನ ಮಸೀದಿಗೂ ಕೇಳಿಸಿರಬೇಕು. ಈ ಮಾತನ್ನು ಜಾರಿಯಾ ಹನ್ನೊಂದು ಸಲ ಕೇಳಿದ್ದಳು. ಹನ್ನೊಂದು ಸಲವೂ ಮಿಠಾಯಿಯ ಮೇಲಿನ ನೊಣ ಓಡಿಸುತ್ತ ಕೇಳಿದ್ದಳು. ಇವತ್ತು ಅವಳು ಬಾಳೆಲೆ ಸರಿಸಿ, ಡಬ್ಬಿ ತೆಗೆದು, ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಹಲೀದಾಳ ಪಕ್ಕ ಚಾಪೆಯ ಮೇಲೆ ಕೂತಳು.

"ಅಕ್ಕಾ, ಏನ್ ಮಾಡ್ತಿದೀಯಾ?" ಹಲೀದಾ ನಗು ಬಿಡದೆ ತುಟಿಯಂಚಿನಲ್ಲೇ ಕೇಳಿದಳು.

"ಅಭ್ಯಾಸ," ಎಂದಳು ಜಾರಿಯಾ.

ಹಲೀದಾ ಹಳದಿಯಾದ ಬಟ್ಟೆ ನೋಡಿದಳು. ಅವಳ ಮುಖ ನೋಡಿದಳು. ತನ್ನ ಸೂಜಿಯನ್ನು ಅವಳ ಕೈಗೆ ಕೊಟ್ಟು ಸರಿದು ಕೂತಳು. "ಹೊಲಿ ಅಕ್ಕ. ನನಗೂ ಸಾಕಾಗಿದೆ. ತಿಂಗಳಿಗೊಂದು ಸಲ ಮದುಮಗಳಾಗ್ತೀನಿ, ಒಬ್ಬ ಗಂಡಾನೂ ಗಿಟ್ಟಲಿಲ್ಲ."

ಫಿರ್ದೌಸ್ ಓಡಿ ಬಂದ. "ಅಕ್ಕ, ನೀವು ಮಿಠಾಯಿ ಹತ್ರ ಇರ್ಬೇಕಿತ್ತು!" ಎಂದು ಹಲ್ಲಿನ ಸಂದಿಯಿಂದ ಅಂದು, ಪ್ರವಾಸಿಗಳ ಕಡೆ ತಿರುಗಿ ಮುಖವರಳಿಸಿ ಏನೋ ಹೇಳಿದ. ಇವತ್ತು ಇಬ್ಬರು ಮದುಮಕ್ಕಳು ಎಂದಿರಬೇಕು. ಜನ ಖುಷಿಯಿಂದ ಮುಂದೆ ನುಗ್ಗಿದರು. ಕ್ಯಾಮೆರಾಗಳು ಜಾರಿಯಾಳ ಬಿರುಕು ಬಿಟ್ಟ ಬೆರಳುಗಳ ಮೇಲೆ ಬಗ್ಗಿದವು.

ಅವಳು ಹೊಲಿದಳು. ಅಪ್ಪ ಹಾಯಿಗೆ ಹಾಕುತ್ತಿದ್ದ ಹೊಲಿಗೆ ಅದು: ಎರಡು ಕಡೆಯೂ ಗಂಟು, ಒಂದೊಂದು ಗಂಟಿಗೂ ಇನ್ನೊಂದು ಕಾವಲು. ಬಿರುಗಾಳಿಗೆ ಹಾಯಿ ಹರಿದರೂ ಹೊಲಿಗೆ ಬಿಡುವುದಿಲ್ಲ ಎನ್ನುತ್ತಿದ್ದ. ಕೊನೆಯ ಗಂಟು ಬಿಗಿದು, ಹಲ್ಲಿನಿಂದ ದಾರ ಕಡಿದು ಎದ್ದಳು. ಮರಕ್ಕೆ ಕಟ್ಟಬೇಕಾಗಿದ್ದ ಆ ತುದಿಯನ್ನು ಕೈಯಲ್ಲಿ ಹಿಡಿದು ಬಾವಿಯ ಕಡೆ ನಡೆದಳು.

ಬಾಪಾ ಇಲ್ಯಾಸರು ಅಂಗೈಯಿಂದ ಮೈಕು ಮುಚ್ಚಿದರು. "ಜಾರಿಯಾ, ಬೇಡಮ್ಮ. ಆ ತುದಿ ಅಲ್ಲ."

"ಮೈಕಿನಲ್ಲಿ ಹೇಳಿ, ಬಾಪಾ."

"ಏನ್ ಹೇಳ್ಲಿ?"

"ಇದು ಅಭ್ಯಾಸ ಅಂತ ಮೈಕಿನಲ್ಲಿ ಹೇಳಿ. ಬಿಚ್ಕೊಂಡು ಮನೆಗೆ ಹೋಗ್ತೀನಿ."

ಬಾಪಾ ಮೈಕು ನೋಡಿದರು. ಕುರ್ಚಿಯ ಮೇಲಿದ್ದ ಅಧಿಕಾರಿಗಳನ್ನು ನೋಡಿದರು. ಪ್ರಶ್ನೆ ಕೇಳಿದ ಬಿಳಿಗೂದಲಿನ ಹೆಂಗಸು ಎದೆಯ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. ಬಾಪಾ ಮೈಕಿನ ಮೇಲಿನ ಅಂಗೈ ತೆಗೆಯಲಿಲ್ಲ. ಜಾರಿಯಾ ತುದಿಯನ್ನು ಬಾವಿಯ ಮೇಲೆ ಹಿಡಿದು ಕೈ ಬಿಟ್ಟಳು.

ಬಟ್ಟೆ ಕಲ್ಲಿಗೆ ಉಜ್ಜುತ್ತ ಸರಸರನೆ ಇಳಿಯಿತು. ತಳದಲ್ಲಿ ಒಂದು ಸಣ್ಣ ಸದ್ದು. ಪ್ರವಾಸಿಗಳು ಚಪ್ಪಾಳೆ ತಟ್ಟಿದರು. ಊರಿನವರು ತಟ್ಟಲಿಲ್ಲ. ಡೋಲು ನಿಂತಿತ್ತು. ಡೋಲಿನ ಸಾಲಿನಲ್ಲಿ ನುರ್ಮಾ ಕೋಲನ್ನು ಗಾಳಿಯಲ್ಲೇ ಹಿಡಿದು ನಿಂತುಬಿಟ್ಟಿದ್ದಳು. ಎಲ್ಲರ ಕಣ್ಣೂ ಕಟ್ಟೆಯ ಮೇಲಿನ ಮುದಿ ಬೆನ್ನಿನ ಮೇಲೆ. ಕೂಗದಿದ್ದರೆ ಅದು ಬಾವಿಗೆ ಬಿದ್ದ ಒಂದು ಹಳೆಯ ಬಟ್ಟೆ, ಅಷ್ಟೆ.

ಜಾರಿಯಾ ಅತ್ತೆಯನ್ನು ಬೇಡಲಿಲ್ಲ. ಹನ್ನೊಂದು ವರ್ಷ ಒಂದೇ ಒಲೆಯ ಮುಂದೆ ಕೂತ ಆ ಹೆಂಗಸಿನ ಮನಸ್ಸಿನಲ್ಲಿ ಏನಿದೆಯೆಂದು ಅವಳಿಗೆ ಒಂದು ದಿನವೂ ತಿಳಿದಿರಲಿಲ್ಲ. ಇವತ್ತೂ ತಿಳಿಯಲಿಲ್ಲ.

ನೇನೆ ಮರಿಯಾಮಾ ಎಲೆಯಡಿಕೆಯನ್ನು ಪಕ್ಕಕ್ಕೆ ಉಗಿದಳು. ಸೊಂಟಕ್ಕೆ ಕೈಕೊಟ್ಟು ಎದ್ದಳು. ತಿರುಗಿ, ಕಟ್ಟೆಗೆ ಎರಡೂ ಕೈ ಊರಿ ಬಗ್ಗಿ ಒಳಗೆ ನೋಡಿದಳು. ನೋಡಿಯೇ ನೋಡಿದಳು. ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಅವಳಿಗೆ ಕಂಡದ್ದು ಬರೀ ಕತ್ತಲೆಯೇ ಇರಬಹುದು.

"ಮುಟ್ಟಿತು!" ಎಂದು ಕೂಗಿದಳು. ಆಮೇಲೆ ಗೊಣಗಿದಳು, "ಹೊಲಿಗೆ ನೋಡಿದ್ರೆ ದೋಣಿ ಕಟ್ಟಿದ ಹಂಗಿದೆ. ಇರ್ಲಿ."

ಆಮೇಲೆ ಏನಾಯಿತೆಂದು ಜಾರಿಯಾಗೆ ಸರಿಯಾಗಿ ನೆನಪಿಲ್ಲ. ಬಿಳಿಗೂದಲಿನ ಹೆಂಗಸು ಬಂದು ಅಪ್ಪಿಕೊಂಡದ್ದು, ಅವಳ ಮೈಯಿಂದ ಸೋಪಿನ ವಾಸನೆ ಬಂದದ್ದು ನೆನಪಿದೆ. ಅಧಿಕಾರಿಗಳು ಬಾಪಾ ಇಲ್ಯಾಸರ ಕೈ ಕುಲುಕಿ, ಎಷ್ಟು ಸಹಜವಾಗಿ ಬಂತು, ಇದನ್ನೇ ಪ್ರತಿ ತಿಂಗಳೂ ಮಾಡಿಸಿ ಎಂದರಂತೆ. ಗಂಡಸರು ನೀರು ಎತ್ತತೊಡಗಿ ಹತ್ತು ಕೊಡ ಆಗಿರಲಿಲ್ಲ, ಹಡಗು ಕೂಗಿತು. ಹೊಲಿಗೆಗೆ ಹೆಚ್ಚು ಹೊತ್ತು ಹಿಡಿದದ್ದರಿಂದ ತೊಳೆಯಲು ಹೊತ್ತು ಉಳಿದಿರಲಿಲ್ಲ. ಪ್ರವಾಸಿಗಳು ದೋಣಿ ಹತ್ತಿದರು. ಗಂಡಸರು ಕೊಡ ಬಿಟ್ಟು ಮಿಠಾಯಿಗೆ ಕೈ ಹಾಕಿದರು. ಬಟ್ಟೆಯನ್ನು ಎತ್ತಿ ಒಣಗಹಾಕಿದರು. ಸಂಜೆ ಅದನ್ನು ಬಿಚ್ಚಲು ಯಾರೂ ಜಾರಿಯಾಳ ಮನೆಗೆ ತರಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ರೂಢಿಯಂತೆ ಸರದಿಯ ಕೊನೆಗೆ ಹೋಗಿ ನಿಂತಳು.

"ಅಲ್ಲೇನ್ ಮಾಡ್ತಿದೀಯೇ?" ನೇನೆ ಮರಿಯಾಮಾ ಮುಂದಿನಿಂದ ಕೂಗಿದಳು. "ಹೊಸದಾಗಿ ಸೇರಿದವಳು ಮೊದಲನೇ ದಿನ ಎಲ್ಲರಿಗಿಂತ ಮುಂದೆ ಸೇದ್ಬೇಕು. ನಾನೂ ಹಂಗೇ ಸೇದಿದ್ದೆ. ಬಾ ಬಾ, ನಿನಗೋಸ್ಕರ ನಮ್ಮ ಕಾಲು ಬಿದ್ದುಹೋಗ್ಬೇಕಾ?"

ಹೆಂಗಸರು ಸರಿದು ದಾರಿ ಬಿಟ್ಟರು. ನುರ್ಮಾ ಅಮ್ಮನ ಸೆರಗು ಹಿಡಿದು ಜೊತೆಯಲ್ಲೇ ಮುಂದಕ್ಕೆ ಬಂದವಳು ಅಜ್ಜಿಯ ಹಿಂದೆ ತನ್ನ ಜಾಗದಲ್ಲಿ ನಿಂತಳು. ಜಾರಿಯಾ ಹಗ್ಗ ಹಿಡಿದಳು. ಮೊದಲ ನೀರು. ಯಾರ ಕೊಡವೂ ಕಲಕದ ನೀರು. ಈ ಗಳಿಗೆಯನ್ನು ಅವಳು ಎಷ್ಟು ಸಲ ಕಣ್ಣಿಗೆ ಕಟ್ಟಿಕೊಂಡಿದ್ದಳೋ. ಕೊಡ ಕೆಳಗಿಳಿಯಿತು. ಮೆತ್ತಗೆ, ಗಂಜಿಗೆ ಬಿದ್ದಂತೆ ಸದ್ದಾಯಿತು. ಎಳೆದಾಗ ಬಹಳ ಭಾರವಿತ್ತು.

ಮೇಲೆ ಬಂದ ಕೊಡದಲ್ಲಿ ಕೆಸರಿತ್ತು. ಕೆಸರಿನ ಮೇಲೆ ಚೆನ್ನಾಗಿ ನೆನೆದ ಜಾಯಿಕಾಯಿ ಎಲೆಗಳಿದ್ದವು. ಎಲೆಗಳ ನಡುವೆ ಡಚ್ಚರ ಹಸಿರು ಸೀಸೆ ಕತ್ತು ಎತ್ತಿ ನೋಡುತ್ತಿತ್ತು.

ಹೆಂಗಸರು ಸುತ್ತ ಬಗ್ಗಿ ನೋಡಿದರು. "ನಿನ್ನೆ ತಾನೇ ತೊಳೆದ್ರಲ್ಲ?" ಎಂದಳು ಒಬ್ಬಳು, ಸಣ್ಣ ದನಿಯಲ್ಲಿ.

ಜಾರಿಯಾ ಸೀಸೆಯನ್ನು ಎತ್ತಿ ಕಟ್ಟೆಯ ಮೇಲಿಟ್ಟಳು. ನಗು ಬರುತ್ತಿದೆಯೋ ಅಳು ಬರುತ್ತಿದೆಯೋ ತಿಳಿಯಲಿಲ್ಲ. ಗಂಟಲಲ್ಲಿ ವರ್ಷಗಳಿಂದ ಗಟ್ಟಿಯಾಗಿ ಕೂತದ್ದು ಒಮ್ಮೆ ಅಲುಗಿತು. ಅವಳು ಮೆಟ್ಟಿಲುಗಳ ಕಡೆ ತಿರುಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಏಯ್ ಫಿರ್ದೌಸ್! ಎದ್ದು ಬಾರೋ ಇಲ್ಲಿ, ಮೈಗಳ್ಳ! ಕುಡಿಯೋ ನೀರಿಗೆ ಮಣ್ಣು ಸುರಿಯೋದನ್ನೇ ಓದೋಕೆ ಅಂಬೋನಿಗೆ ಹೋಗಿದ್ಯಾ? ಎರಡು ವರ್ಷ ಬೇಕಾಯ್ತಾ ಅದಕ್ಕೆ? ಬಾಪಾ ಇಲ್ಯಾಸ್! ಎಲ್ಲಿ ನಿಮ್ಮ ಮೈಕು? ತನ್ನಿ ಇಲ್ಲಿ! ಬಾವಿ ಈಗ ಕೊಳೆ ಆಗಿದೆ, ನಿಜವಾದ ಕೊಳೆ, ಬಂದು ಮೂಸಿ ನೋಡಿ!"

ಮರದ ಹಕ್ಕಿಗಳು ಎದ್ದು ಹಾರಿದವು. ನುರ್ಮಾ ಬಾಯಿ ತೆರೆದು ನೋಡಿದಳು. ಅಮ್ಮನ ದನಿ ಇಷ್ಟು ದೊಡ್ಡದೆಂದು ಅವಳಿಗೆ ಗೊತ್ತಿರಲಿಲ್ಲ. ಜಾರಿಯಾಗೂ ಗೊತ್ತಿರಲಿಲ್ಲ.

ಮೇಲೆ ಬಾಗಿಲೊಂದು ತೆರೆಯಿತು. ಬಾಪಾ ಇಲ್ಯಾಸರು ರುಮಾಲಿಲ್ಲದ ತಲೆಯನ್ನು ಜಗಲಿಯಿಂದ ಚಾಚಿದರು. "ಯಾರದು, ಬೆಳ್ಳಂಬೆಳಗ್ಗೆ ಊರಿನ ಮರ್ಯಾದೆ ತೆಗೀತಿರೋದು?"

"ಊರಿನವಳೇ!" ನೇನೆ ಮರಿಯಾಮಾ ಕೆಳಗಿನಿಂದ ಕೂಗಿದಳು. "ಬುಟ್ಟಿ, ಏಣಿ ತಗೊಂಡು ಗಂಡಸರನ್ನೆಲ್ಲ ಇಳಿಸು. ಅಳಿಯನ್ನ ಮೊದಲು ಇಳಿಸು."

ಒಂದೊಂದಾಗಿ ಬಾಗಿಲುಗಳು ತೆರೆದುಕೊಂಡವು. ಫಿರ್ದೌಸ್ ಲುಂಗಿ ಕಟ್ಟಿಕೊಳ್ಳುತ್ತ ಮೆಟ್ಟಿಲಿಳಿಯತೊಡಗಿದ. ಅವನು ಬಂದು ತಲುಪಲು ಇನ್ನೂ ನೂರು ಮೆಟ್ಟಿಲಿದ್ದವು. ನೇನೆ ಮರಿಯಾಮಾ ಕಟ್ಟೆಯ ಮೇಲೆ ಕೂತು, ಎಲೆಗೆ ಸುಣ್ಣ ಹಚ್ಚಿ, ಅರ್ಧ ಹರಿದು ಸೊಸೆಯ ಕೈಗಿಟ್ಟಳು. ಜಾರಿಯಾ ಅದನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಬೈಯುತ್ತಲೇ ಇದ್ದಳು. ಹನ್ನೊಂದು ವರ್ಷದ್ದಿತ್ತು, ಇನ್ನೂ ಮೊದಲನೆಯ ವರ್ಷದ್ದೇ ಮುಗಿದಿರಲಿಲ್ಲ.